ಗಡಿ ದಾಟುವ ಕೋವಿ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಕೊಡಗಿನ ನಮ್ಮ ಊರಿಗೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಮಗ ಕೆನಡಾದಲ್ಲಿದ್ದಾನೆ. "ಅಲ್ಲಿ ಈಗಲೂ ಬೇಟೆಗೆ ಅವಕಾಶವುಂಟಂತೆ. ನಮ್ಮ ಮನೆಯ ಕೋವಿಯನ್ನು ಜೊತೆಗೆ ಒಯ್ಯಬಹುದೆ? ಓದಿದವನು ನೀನು, ಹೇಳು" ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ತಿಳಿಯದೆನ್ನಲು ನಾಚಿಕೆಯಾಯಿತು. "ಇಟ್ಟುಕೊಳ್ಳುವ ಹಕ್ಕಿದ್ದ ಮೇಲೆ ಒಯ್ಯುವ ಹಕ್ಕೂ ಇದ್ದೇ ಇರುತ್ತದೆ" ಎಂದುಬಿಟ್ಟೆ. ಮಾತು ಆಡಿದ ಮೇಲೆ ಮನಸ್ಸು ಅಳುಕಿತು. ಆ ಅಳುಕಿನಿಂದ ಮಾಡಿದ ಅಭ್ಯಾಸದ ಫಲವೇ ಈ ಲೇಖನ.

ಮೊದಲು ನಮ್ಮ ಕಾನೂನನ್ನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಕೂಡದು. 41ನೆಯ ಕಲಂ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಆಧಾರ ಇದೇ. 2019ರಲ್ಲಿ ಅದನ್ನು ಷರತ್ತುಗಳೊಡನೆ 2029ರವರೆಗೆ ಮುಂದುವರಿಸಲಾಯಿತು. 10ನೆಯ ಕಲಂ ಗಡಿಯ ವಿಚಾರವನ್ನು ಹೇಳುತ್ತದೆ. ಆಯುಧವನ್ನು ದೇಶದೊಳಗೆ ತರಲು ಅಥವಾ ಹೊರಗೆ ಒಯ್ಯಲು ಪ್ರತ್ಯೇಕ ಪರವಾನಗಿ ಬೇಕು. ಆದರೆ ಕಾನೂನುಬದ್ಧವಾಗಿ ಇಟ್ಟುಕೊಂಡವನು ಸ್ವಂತ ಉಪಯೋಗಕ್ಕೆ ಮಿತ ಪ್ರಮಾಣದಲ್ಲಿ ಒಯ್ದರೆ ಅದು ಬೇಡ. ಸುಂಕದ ಅಧಿಕಾರಿಗೆ ಸಂಶಯ ಬಂದರೆ ಮಾತ್ರ, ಕೇಂದ್ರ ಸರ್ಕಾರದ ಆಜ್ಞೆ ಬರುವವರೆಗೆ ಕೋವಿಯನ್ನು ತಡೆದಿಡಬಹುದು.

ಇಷ್ಟು ಓದಿದಾಗ ನನ್ನ ಉತ್ತರ ಸರಿಯೆಂದೇ ತೋರಿತು. ಆದರೆ ಗಡಿಗೆ ಎರಡು ಬಾಗಿಲುಗಳಿವೆ ಎಂಬುದನ್ನು ನಾನು ಮರೆತಿದ್ದೆ. ನಮ್ಮ ಕಾಯಿದೆ ತೆರೆಯಬಲ್ಲುದು ನಮ್ಮ ಬಾಗಿಲನ್ನು ಮಾತ್ರ.

ಕೆನಡಾದ ಬಾಗಿಲಿನ ರೀತಿಯೇ ಬೇರೆ. ಅಲ್ಲಿ ಬಂದೂಕುಗಳನ್ನು ನಿರ್ಬಂಧವಿಲ್ಲದವು, ನಿರ್ಬಂಧಿತ, ನಿಷಿದ್ಧ ಎಂದು ಮೂರು ವರ್ಗ ಮಾಡಿದ್ದಾರೆ. ಬೇಟೆಯ ಸಾಮಾನ್ಯ ರೈಫಲುಗಳೂ ಶಾಟ್‌ಗನ್ನುಗಳೂ ಬಹುಮಟ್ಟಿಗೆ ಮೊದಲ ವರ್ಗದವು. 18 ವರ್ಷ ತುಂಬಿದ ಪರದೇಶಿ ಪ್ರವಾಸಿ ಇಂಥದನ್ನು ತಂದರೆ ಲಿಖಿತ ಘೋಷಣಾಪತ್ರ ಒಪ್ಪಿಸಿ, ಸುಂಕದ ಅಧಿಕಾರಿಯ ಎದುರಿನಲ್ಲೇ ಸಹಿ ಹಾಕಬೇಕು. ಶುಲ್ಕ ಕೊಟ್ಟು ಅಧಿಕಾರಿಯ ದೃಢೀಕರಣ ಪಡೆದ ಮೇಲೆ ಆ ಕಾಗದವೇ 60 ದಿನಗಳ ಪರವಾನಗಿಯಂತೆ ನಡೆಯುತ್ತದೆ. ಬೇಟೆಗೆ ಅಲ್ಲಿನ ಪ್ರಾಂತದ ಪರವಾನಗಿ ಬೇರೆ. ಕೋವಿಯಿದೆ ಎಂಬುದನ್ನು ಮುಚ್ಚಿಟ್ಟರೆ ಅದು ಅಪರಾಧ. ಮನೆಯಲ್ಲಿ ಎಷ್ಟು ತಲೆಮಾರಿನ ಹಕ್ಕಿದ್ದರೂ ಅಲ್ಲಿ ಅದು ಸಮಜಾಯಿಷಿಯಾಗದು. ವಿಮಾನ ನಡುವೆ ಇಳಿಯುವ ದೇಶದ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು.

ನೆರೆಯ ದೇಶಗಳು ಪರಸ್ಪರ ನಂಬಿದರೆ ಈ ತೊಡಕು ಹಗುರಾಗುತ್ತದೆ. ಯೂರೋಪಿನ ದೇಶಗಳು 1991ರ ನಿರ್ದೇಶನದಿಂದ ಕೋವಿಗೇ ಒಂದು ರಹದಾರಿಯನ್ನು ಏರ್ಪಡಿಸಿದವು. ಬೇಟೆಗಾರ ಅದನ್ನೂ, ಆಮಂತ್ರಣದಂಥ ಕಾರಣಪತ್ರವನ್ನೂ ತೋರಿಸಿದರೆ ಕೆಲವು ವರ್ಗದ ಬಂದೂಕುಗಳಿಗೆ ಮುಂಗಡ ಅನುಮತಿ ಬೇಡ. ಆದರೂ ಆ ಬಂದೂಕನ್ನು ನಿಷೇಧಿಸಿದ ದೇಶದಲ್ಲಿ ಈ ರಹದಾರಿ ನಡೆಯದು.

ನಮ್ಮಲ್ಲಿಗೆ ಬರುವವರ ಪಾಡೂ ಹೀಗೆಯೇ. ಕೇಂದ್ರ ಸರ್ಕಾರ ಹೆಸರಿಸಿದ ದೇಶಗಳ ಪ್ರವಾಸಿಯು ಕ್ರೀಡೆಗಾಗಿ ಬಂದೂಕು ತರಲು 10ನೆಯ ಕಲಮಿನಲ್ಲೇ ಅವಕಾಶವುಂಟು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬೇಟೆಯ ಕ್ರೀಡೆಗೆ ತೆರೆ ಎಳೆದಿವೆ. ಕೋವಿ ಬಂದೀತು, ಕಾಡಿನಲ್ಲಿ ಅದಕ್ಕೆ ಕೆಲಸವಿಲ್ಲ.

ಇದರಿಂದ ನಾನು ಕಲಿತುದಿಷ್ಟು: ಅನುಮತಿ ಎಂಬುದು ಮನುಷ್ಯನಿಗೆ ಅಂಟಿಕೊಂಡಿಲ್ಲ, ನೆಲಕ್ಕೆ ಅಂಟಿಕೊಂಡಿದೆ. ಗಡಿಯಾಚೆ ನಮ್ಮೊಡನೆ ಬರುವುದು ಹಕ್ಕಲ್ಲ, ಪುರಾವೆ ಮಾತ್ರ. ಕೋವಿ ಯಾರದು, ಯಾವುದು, ಯಾತಕ್ಕೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ಬಾಗಿಲಲ್ಲೂ ಹೊಸದಾಗಿ ಉತ್ತರ ಕೊಡಬೇಕು.

ದಸರಾ ರಜೆಯಲ್ಲಿ ಆ ಹಿರಿಯರ ಬಳಿಗೆ ಹೋಗಿ, ನಾನು ಹೇಳಿದ್ದು ಅರ್ಧ ಮಾತ್ರ ನಿಜವೆಂದು ಒಪ್ಪಿಕೊಂಡೆ. ಎಲ್ಲವನ್ನೂ ಕೇಳಿ ಅವರು, "ಹಾಗಾದರೆ ಕೋವಿ ಇಲ್ಲೇ ಇರಲಿ, ಮಗನನ್ನು ನೋಡಿ ಬರುತ್ತೇನೆ" ಎಂದರು. ಓದಿದವನ ಮಾತನ್ನು ಊರು ನಂಬುತ್ತದೆ. ನಾನು ಬಾಯಿಮುಚ್ಚಿಕೊಂಡಿದ್ದರೆ ಆ ನಂಬಿಕೆಯಿಂದ ದೂರದ ವಿಮಾನ ನಿಲ್ದಾಣದಲ್ಲಿ ಒಬ್ಬ ವೃದ್ಧರು ಅಪರಾಧಿಯಾಗಿ ನಿಲ್ಲಬೇಕಾಗುತ್ತಿತ್ತೋ ಏನೋ! ಪದವಿಗಿಂತ ಮೊದಲು ನನಗೆ ದೊರೆತ ಪಾಠವಿದು.