ನಮ್ಮ ಹದಿಹರೆಯದ ಮಕ್ಕಳು ಓದುತ್ತಿರುವುದೇನು, ಕಾಯುತ್ತಿರುವುದೇನು?



ನಮ್ಮ ಕೂಟದ ವಾರಾಂತ್ಯದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳ ಗುಂಪಿಗೆ ಪಾಠ ಹೇಳಿಕೊಡುವ ಕೆಲಸ ಮೂರು ವರ್ಷಗಳಿಂದ ನನ್ನದು. ನಾನು ಸಾಹಿತ್ಯದ ಪಂಡಿತನೇನಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಆದರೂ ಒಂದು ವಿಷಯ ಗಮನಿಸಿದ್ದೇನೆ. ಆರೇಳು ವರ್ಷದ ಪುಟಾಣಿಗಳು ಕುಣಿಯುತ್ತಾ ತರಗತಿಗೆ ಬರುತ್ತವೆ. ಹನ್ನೆರಡು-ಹದಿಮೂರು ದಾಟುತ್ತಿದ್ದಂತೆ ಒಬ್ಬೊಬ್ಬರೇ ಮಾಯ! ಸಾಕರ್, ಡಿಬೇಟ್, ಎಸ್.ಎ.ಟಿ. ಎಂದು ಕಾರಣಗಳಿಗೇನೂ ಬರವಿಲ್ಲ. ಆದರೆ ನಿಜವಾದ ಕಾರಣವನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ಅಂಕಲ್, ನನ್ನ ಕನ್ನಡ ಒಂದನೇ ಕ್ಲಾಸಿಂದು, ನನ್ನ ತಲೆ ಒಂಬತ್ತನೇ ಕ್ಲಾಸಿಂದು. ಕಾಗೆ-ನರಿ ಕಥೆ ಇನ್ನೆಷ್ಟು ಸಲ ಓದಲಿ?"

ಅವಳ ಚೀಲದಲ್ಲಿ ನಾಲ್ಕುನೂರು ಪುಟದ ಇಂಗ್ಲಿಷ್ ಕಾದಂಬರಿ ಇತ್ತು. ಅದರಲ್ಲಿ ಯುದ್ಧವಿದೆ, ಸಾವಿದೆ, ಸರ್ಕಾರದ ಸುಳ್ಳುಗಳಿವೆ. ನಾವು ಅವಳಿಗೆ ಕೊಡುತ್ತಿದ್ದದ್ದು ದ್ರಾಕ್ಷಿ ಹುಳಿ ಎಂದ ನರಿಯನ್ನು. ಹೀಗಿರುವಾಗ ಕನ್ನಡ ಅವಳಿಗೆ 'ಚಿಕ್ಕ ಮಕ್ಕಳ ಭಾಷೆ' ಅನ್ನಿಸಿದರೆ ತಪ್ಪು ಯಾರದು? ಅದಕ್ಕೇ ಈ ಸಲದ ಪಾಠ ಮಕ್ಕಳಿಗಲ್ಲ, ಅಪ್ಪ-ಅಮ್ಮಂದಿರಿಗೆ. ನಮ್ಮ ಮಕ್ಕಳು ಏನು ಓದುತ್ತಾರೆ, ಯಾವುದಕ್ಕೆ ಕಾಯುತ್ತಾರೆ, ಆ ಓದಿನೊಳಕ್ಕೆ ಕನ್ನಡ ಹೇಗೆ ನುಸುಳಬಹುದು ಎಂಬುದೇ ಇಲ್ಲಿನ ವಿಷಯ.

1. 'ಯಂಗ್ ಅಡಲ್ಟ್' ಅಂದರೆ ಯಾರು?

ಗ್ರಂಥಾಲಯಕ್ಕೆ ಹೋದರೆ 'ವೈ.ಎ.' ಎಂಬ ಫಲಕದ ಕೆಳಗೆ ಬೇರೆಯೇ ಕಪಾಟು ಕಾಣುತ್ತದೆ. ಅಮೆರಿಕದ ಗ್ರಂಥಪಾಲಕರ ಲೆಕ್ಕದಲ್ಲಿ ಇದು 12ರಿಂದ 18 ವರ್ಷದವರಿಗೆ. ಅದಕ್ಕಿಂತ ಕೆಳಗೆ, ಸುಮಾರು 8ರಿಂದ 12 ವರ್ಷದವರಿಗೆ 'ಮಿಡ್ಲ್ ಗ್ರೇಡ್' ಎಂಬ ಇನ್ನೊಂದು ಕಪಾಟು. ಎರಡೂ ಒಂದೇ ಎಂದುಕೊಂಡು ಹತ್ತು ವರ್ಷದ ಮಗುವಿಗೆ ವೈ.ಎ. ಪುಸ್ತಕ ತಂದುಕೊಡುವ ಪೋಷಕರಿದ್ದಾರೆ. ದಯವಿಟ್ಟು ಫಲಕ ನೋಡಿ ತನ್ನಿ.

ಈ ಬಗೆಯ ಕಥೆಗಳ ಆರಂಭವನ್ನು ಬಹಳ ಮಂದಿ 1967ರಲ್ಲಿ ಬಂದ 'ದಿ ಔಟ್‌ಸೈಡರ್ಸ್' ಕಾದಂಬರಿಯಲ್ಲಿ ಗುರುತಿಸುತ್ತಾರೆ. ಬರೆದವರು ಒಕ್ಲಹೋಮಾದ ಟಲ್ಸಾ ಊರಿನ ಎಸ್.ಇ. ಹಿಂಟನ್. ಬರೆಯಲು ಶುರು ಮಾಡಿದಾಗ ಆಕೆಗೆ 15 ವರ್ಷ, ಪುಸ್ತಕ ಹೊರಬಂದಾಗ 18! ಹುಡುಗರ ಗುಂಪುಗಳ ಜಗಳದ ಕಥೆಯನ್ನು ಹುಡುಗಿ ಬರೆದಿದ್ದಾಳೆಂದರೆ ವಿಮರ್ಶಕರು ಮೂಗು ಮುರಿದಾರು ಎಂದು ಪ್ರಕಾಶಕರು ಬರೀ ಇನಿಷಿಯಲ್ ಹಾಕಿಸಿದರಂತೆ. ಈ ಪುಸ್ತಕ ಇಂದಿಗೂ ಇಲ್ಲಿನ ಅನೇಕ ಶಾಲೆಗಳಲ್ಲಿ ಪಠ್ಯ. ಇದನ್ನು ಆಧರಿಸಿದ ಸಂಗೀತ ನಾಟಕಕ್ಕೆ 2024ರಲ್ಲಿ ಟೋನಿ ಪ್ರಶಸ್ತಿಯೂ ಬಂತು.

ವೈ.ಎ. ಕಥೆಯ ಲಕ್ಷಣಗಳನ್ನು ಹೀಗೆ ಪಟ್ಟಿ ಮಾಡಬಹುದು: ಕಥಾನಾಯಕ ಅಥವಾ ನಾಯಕಿಯ ವಯಸ್ಸು ಹೆಚ್ಚಾಗಿ 14ರಿಂದ 18. ಕಥೆ ಬಹುತೇಕ 'ನಾನು' ಎಂಬ ದನಿಯಲ್ಲಿ. ಅಪ್ಪ-ಅಮ್ಮ ಸತ್ತಿರುತ್ತಾರೆ, ದೂರವಿರುತ್ತಾರೆ, ಇಲ್ಲವೇ ಅರ್ಥಮಾಡಿಕೊಳ್ಳದವರಾಗಿರುತ್ತಾರೆ. (ಬೇಜಾರು ಮಾಡಿಕೊಳ್ಳಬೇಡಿ! ಮಕ್ಕಳು ತಾವೇ ನಿರ್ಧಾರ ತೆಗೆದುಕೊಳ್ಳಬೇಕಾದರೆ ನಾವು ಸ್ವಲ್ಪ ಪಕ್ಕಕ್ಕೆ ಸರಿಯಬೇಕಲ್ಲ.) ಜೀವನದಲ್ಲಿ ಮೊದಲ ಬಾರಿಗೆ, ಹಿಂದಕ್ಕೆ ತೆಗೆದುಕೊಳ್ಳಲಾಗದ ಒಂದು ಆಯ್ಕೆ ಎದುರಾಗುತ್ತದೆ. ಕಥೆಯ ಜೀವಾಳವೇ ಆ ಆಯ್ಕೆ.

2. 'ಹಂಗರ್ ಗೇಮ್ಸ್' ಮತ್ತು ನಮ್ಮ ಬಕಾಸುರ

ಸುಜಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ಬಂದದ್ದು 2008ರಲ್ಲಿ. 2010ರ ಹೊತ್ತಿಗೆ ಮೂರು ಭಾಗ ಮುಗಿಯಿತು. 2020ರಲ್ಲಿ ಒಂದು, 2025ರ ಮಾರ್ಚ್ 18ರಂದು 'ಸನ್‌ರೈಸ್ ಆನ್ ದಿ ರೀಪಿಂಗ್' ಎಂಬ ಇನ್ನೊಂದು, ಹೀಗೆ ಹಿಂದಿನ ಕಾಲದ ಕಥೆ ಹೇಳುವ ಎರಡು ಪುಸ್ತಕಗಳು ಸೇರಿದವು. ನನ್ನ ತರಗತಿಯ ಮಕ್ಕಳು ಅತಿ ಹೆಚ್ಚು ಮಾತಾಡುವುದು ಈ ಕೊನೆಯದರ ಬಗ್ಗೆ. ಇದರ ಚಲನಚಿತ್ರಕ್ಕೆ 2026ರ ನವೆಂಬರ್ 20 ಎಂದು ದಿನಾಂಕ ಪ್ರಕಟಿಸಿದಾಗಿನಿಂದ ಅವರ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಬಿದ್ದಿದೆ.

ಕಥೆ ಇಷ್ಟು: ಪಾನೆಮ್ ಎಂಬ ದೇಶ. ವೈಭವದ ರಾಜಧಾನಿ, ಸುತ್ತ 12 ಬಡ ಜಿಲ್ಲೆಗಳು. ಹಿಂದೆ ದಂಗೆ ಎದ್ದದ್ದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ಆ 24 ಮಕ್ಕಳು ಒಬ್ಬನೇ ಉಳಿಯುವವರೆಗೆ ಹೊಡೆದಾಡಬೇಕು. ಅದನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕು. ಹೊಸ ಪುಸ್ತಕ ನಡೆಯುವುದು 50ನೇ ವರ್ಷದ ಆಟದಲ್ಲಿ. ಆಗ ಮಕ್ಕಳ ಸಂಖ್ಯೆ ಎರಡರಷ್ಟು, ಅಂದರೆ 48.

ಛೇ, ಇಂಥ ರಕ್ತಪಾತ ಮಕ್ಕಳಿಗೇಕೆ ಅನ್ನಿಸುತ್ತದೆ ಅಲ್ಲವೇ? ಈಗ ಏಕಚಕ್ರಪುರವನ್ನು ನೆನಪಿಸಿಕೊಳ್ಳಿ. ಸರದಿಯಂತೆ ಒಂದೊಂದು ಮನೆಯಿಂದ ಒಂದು ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯ ಬಕಾಸುರನಿಗೆ ಹೋಗಬೇಕು. ಪಾಂಡವರು ಆಶ್ರಯ ಪಡೆದ ಮನೆಯ ಸರದಿ ಬಂದಾಗ ಅಪ್ಪ ನಾನು ಹೋಗುತ್ತೇನೆ ಅನ್ನುತ್ತಾನೆ, ಅಮ್ಮ ನಾನು ಅನ್ನುತ್ತಾಳೆ, ಮಗಳು ನಾನು ಅನ್ನುತ್ತಾಳೆ. ಪುಟ್ಟ ಮಗನೂ ಹುಲ್ಲುಕಡ್ಡಿ ಹಿಡಿದು ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತಾನೆ. ಮೊದಲ ಹಂಗರ್ ಗೇಮ್ಸ್ ಪುಸ್ತಕದಲ್ಲಿ ಕ್ಯಾಟ್ನಿಸ್ ತನ್ನ ತಂಗಿಯ ಬದಲು ತಾನೇ ಮುಂದೆ ಬರುವುದೂ ಇದೇ ಕ್ಷಣ! ಕಾಲಿನ್ಸ್ ಅವರಿಗೆ ಪ್ರೇರಣೆ ಕೊಟ್ಟದ್ದು ಗ್ರೀಕರ ಮಿನೋಟಾರ್ ಕಥೆ. ಏಳು ಹುಡುಗರು, ಏಳು ಹುಡುಗಿಯರನ್ನು ಆ ಮೃಗಕ್ಕೆ ಕಳಿಸುವ ಕಥೆ ಅದು. ಇನ್ನೊಂದು ಪ್ರೇರಣೆ, ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುವಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಒಂದರೊಳಗೊಂದು ಬೆರೆತಂತೆ ಕಂಡದ್ದು.

ಆದರೆ ವ್ಯತ್ಯಾಸವೂ ಇದೆ, ಪಾಠ ಇರುವುದು ಅಲ್ಲೇ. ನಮ್ಮ ಕಥೆಯಲ್ಲಿ ರಾಕ್ಷಸ ಊರ ಹೊರಗಿದ್ದಾನೆ, ಅವನನ್ನು ಮುಗಿಸಲು ಭೀಮ ಬರುತ್ತಾನೆ. ಅಲ್ಲಿ ರಾಕ್ಷಸನೇ ಸರ್ಕಾರ, ಭೀಮ ಬರುವುದಿಲ್ಲ. ಕೆಲವೇ ಜನ ಬಹುಜನರನ್ನು ಇಷ್ಟು ಸುಲಭವಾಗಿ ಆಳುವುದು ಹೇಗೆ ಎಂಬ ಡೇವಿಡ್ ಹ್ಯೂಮ್ ಎತ್ತಿದ ಪ್ರಶ್ನೆ ಹೊಸ ಪುಸ್ತಕದ ಹಿಂದಿದೆ. ನಡೆದದ್ದೊಂದು, ಟಿವಿಯಲ್ಲಿ ತೋರಿಸುವುದು ಇನ್ನೊಂದು. ದಿನವಿಡೀ ಫೋನ್ ಹಿಡಿದಿರುವ ಪೀಳಿಗೆಗೆ ಇದಕ್ಕಿಂತ ಬೇಕಾದ ವಿಷಯ ಯಾವುದು?

ನಮ್ಮ ತರಗತಿಯ ಒಂದು ಮನೆಯಲ್ಲಿ ನಡೆದದ್ದು ಕೇಳಿ. ಆ ಹುಡುಗನಿಗೂ ಮೈಸೂರಿನ ಅಜ್ಜಿಗೂ ವಿಡಿಯೋ ಕರೆಯಲ್ಲಿ "ಊಟ ಆಯ್ತಾ? ಚಳಿ ಇದೆಯಾ?" ಎರಡೇ ಪ್ರಶ್ನೆ, ಆಮೇಲೆ ಮೌನ. ನಾನು ಕೊಟ್ಟ ಹೋಂವರ್ಕ್ ಎಂದರೆ ಅಜ್ಜಿಯಿಂದ ಬಕಾಸುರನ ಕಥೆ ಕೇಳಿ, ಅಜ್ಜಿಗೆ ಹಂಗರ್ ಗೇಮ್ಸ್ ಕಥೆ ಹೇಳಬೇಕು, ಕನ್ನಡದಲ್ಲಿ. ಮಾತು ಮುಕ್ಕಾಲು ಗಂಟೆ ನಡೆಯಿತಂತೆ. ಅಜ್ಜಿ ಕೊನೆಗೆ ಕೇಳಿದ್ದು: "ಅಷ್ಟು ಜನ ನೋಡ್ತಿದ್ರಲ್ಲೋ, ಒಬ್ಬರಾದರೂ ಟಿವಿ ಆಫ್ ಮಾಡಲಿಲ್ವಾ?" ಹುಡುಗ ಮುಂದಿನ ವಾರ ತರಗತಿಗೆ ಬಂದು ಈ ಪ್ರಶ್ನೆಯನ್ನೇ ಎಲ್ಲರ ಮುಂದಿಟ್ಟ. ಅವತ್ತು ವ್ಯಾಕರಣ ಪಾಠ ನಡೆಯಲೇ ಇಲ್ಲ, ನಡೆಯುವುದೂ ಬೇಕಿರಲಿಲ್ಲ.

3. ಕಾಯುವ ಸುಖ

ಚಂದಮಾಮ, ಬಾಲಮಂಗಳಕ್ಕಾಗಿ ಕಾದವರು ನಾವು. ಅಮ್ಮಂದಿರು ಸುಧಾ, ತರಂಗದ ಧಾರಾವಾಹಿಗೆ ವಾರವಿಡೀ ಕಾಯುತ್ತಿದ್ದರು. 2007ರ ಜುಲೈ 21ರಂದು ಹ್ಯಾರಿ ಪಾಟರ್ ಸರಣಿಯ ಏಳನೆಯ ಪುಸ್ತಕ ಬಂದಾಗ ಬೆಂಗಳೂರಿನಲ್ಲೂ ಮುಂಜಾನೆಯೇ ಪುಸ್ತಕದಂಗಡಿಗಳ ಮುಂದೆ ಸಾಲು. ಎಲ್ಲವೂ ಕ್ಲಿಕ್ ಮಾಡಿದೊಡನೆ ಸಿಗುವ ಈ ಕಾಲದಲ್ಲಿ ಮಕ್ಕಳಿಗೆ ಕಾಯುವುದನ್ನು ಕಲಿಸುತ್ತಿರುವುದು ಪುಸ್ತಕಗಳೇ.

ಫಿಲಿಪ್ ಪುಲ್‌ಮನ್ ಅವರ ಉದಾಹರಣೆ ನೋಡಿ. ಲೈರಾ ಎಂಬ ಹುಡುಗಿಯ ಕಥೆ ಶುರುವಾದದ್ದು 1995ರಲ್ಲಿ. ಅಮೆರಿಕದಲ್ಲಿ ಅದರ ಹೆಸರು 'ದಿ ಗೋಲ್ಡನ್ ಕಂಪಾಸ್'. 'ದಿ ಬುಕ್ ಆಫ್ ಡಸ್ಟ್' ಎಂಬ ಎರಡನೇ ಸರಣಿಯ ಎರಡನೇ ಭಾಗ 2019ರಲ್ಲಿ ಬಂತು. ಮೂರನೆಯದಾದ 'ದಿ ರೋಸ್ ಫೀಲ್ಡ್'ಗೆ 2025ರ ಅಕ್ಟೋಬರ್ ತನಕ, ಅಂದರೆ ಆರು ವರ್ಷ ಕಾಯಬೇಕಾಯಿತು! ಮೊದಲ ಪುಸ್ತಕದಲ್ಲಿ ಮಗುವಾಗಿದ್ದ ಲೈರಾ ಈಗ ಯುವತಿ. ಆದ್ದರಿಂದ ಮೊದಲ ಸರಣಿ 12ಕ್ಕೆ ಸರಿ, ಕೊನೆಯವು 16 ದಾಟಿದವರಿಗೆ.

ವರ್ಷವರ್ಷವೂ ಕಾಯಲು ಇನ್ನೊಂದಿದೆ. ಅಮೆರಿಕದ ಗ್ರಂಥಾಲಯ ಸಂಘ ಪ್ರತಿ ಜನವರಿಯ ಹೊತ್ತಿಗೆ ಪ್ರಕಟಿಸುವ ಪ್ರಿಂಟ್ಜ್ ಪ್ರಶಸ್ತಿ. 2000ದಿಂದ ವೈ.ಎ. ಪುಸ್ತಕಗಳಿಗೆಂದೇ ಕೊಡುತ್ತಿದ್ದಾರೆ. ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನ ಒಬ್ಬ ಶಾಲಾ ಗ್ರಂಥಪಾಲಕರ ಹೆಸರಿನಲ್ಲಿ ಇಟ್ಟ ಪ್ರಶಸ್ತಿ ಇದು ಎಂಬುದೇ ನನಗೆ ಇಷ್ಟ. ಪಟ್ಟಿ ಬಂದ ದಿನವೇ ಲಿಬ್ಬಿ ಆ್ಯಪ್‌ನಲ್ಲಿ 'ಹೋಲ್ಡ್' ಹಾಕಿಬಿಡಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಕ್ಯೂ, ಮೊದಲು ಬಂದವರಿಗೆ ಮೊದಲ ಊಟ.

4. ನಮ್ಮಂಥವರ ಮನೆಯ ಕಥೆಗಳು

'ಅಮೆರಿಕನ್ ಬಾರ್ನ್ ಚೈನೀಸ್' (2006): ಬರೆದು ಚಿತ್ರಿಸಿದವರು ಜೀನ್ ಲುಯೆನ್ ಯಾಂಗ್. ಶಾಲೆಯಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದವರು. ಪ್ರಿಂಟ್ಜ್ ಗೆದ್ದ ಮೊದಲ ಚಿತ್ರಕಾದಂಬರಿ. ವಲಸೆ ಬಂದವರ ಮಗನೊಬ್ಬ ತನ್ನ ಮುಖ, ಹೆಸರು, ಡಬ್ಬಿಯ ಊಟದ ಬಗ್ಗೆ ನಾಚಿಕೊಳ್ಳುವ ಕಥೆ, ಜೊತೆಗೆ ಚೀನಿಯರ ವಾನರರಾಜನ ಪುರಾಣ. ಹನುಮಂತನ ಕಥೆ ಕೇಳಿ ಬೆಳೆದವರಿಗೆ ಕೂಡಲೇ ಆಪ್ತವಾಗುತ್ತದೆ. ಓದಲು ಎರಡು ಗಂಟೆ ಸಾಕು, ಪುರುಸೊತ್ತಿಲ್ಲದ ಅಪ್ಪಂದಿರು ಇಲ್ಲಿಂದಲೇ ಶುರು ಮಾಡಿ.

'ಬಾರ್ನ್ ಕನ್‌ಫ್ಯೂಸ್ಡ್' (2002): ತನುಜಾ ದೇಸಾಯಿ ಹಿದಿಯರ್ ಅವರದು. ನ್ಯೂಜೆರ್ಸಿಯ ಡಿಂಪಲ್ ಎಂಬ 17ರ ಹುಡುಗಿಯ ಕಥೆ. 'ಎಬಿಸಿಡಿ' ಎಂದು ನಾವು ಹಾಸ್ಯ ಮಾಡುವ ಮಕ್ಕಳ ಒಳಗಿನ ದನಿ ಇಲ್ಲಿ ಕೇಳುತ್ತದೆ.

'ಎ ಟೈಮ್ ಟು ಡಾನ್ಸ್' (2014): ಪದ್ಮಾ ವೆಂಕಟರಾಮನ್ ಅವರದು. ಚೆನ್ನೈನ ವೇದಾ ಭರತನಾಟ್ಯವೇ ಉಸಿರು ಎಂದುಕೊಂಡವಳು. ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೆ ಮತ್ತೆ ಕುಣಿಯಲು ಕಲಿಯುತ್ತಾಳೆ. ಕವಿತೆಯ ಸಾಲುಗಳಲ್ಲಿ ಬರೆದ ಕಾದಂಬರಿ. ನೃತ್ಯ ಕಲಿಯುವ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು.

'ರೆಡ್, ವೈಟ್, ಆ್ಯಂಡ್ ಹೋಲ್' (2021): ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವೈದ್ಯೆ ರಜನಿ ಲಾರಾಕಾ ಬರೆದದ್ದು. 2022ರಲ್ಲಿ ನ್ಯೂಬೆರಿ ಆನರ್ ಗೌರವ ಬಂತು. 1983ರ ಕಾಲ, ಶಾಲೆಯಲ್ಲೊಂದು ಮನೆಯಲ್ಲೊಂದು ಬದುಕು ನಡೆಸುವ ಹುಡುಗಿ, ರಕ್ತದ ಕ್ಯಾನ್ಸರ್ ಬಂದ ಅಮ್ಮ. ಇದು ಮಿಡ್ಲ್ ಗ್ರೇಡ್ ಕಪಾಟಿನಲ್ಲಿದೆ. ಆದರೆ ಕರವಸ್ತ್ರ ಬೇಕಾಗುವುದು ದೊಡ್ಡವರಿಗೇ.

'ಆಲ್ ಮೈ ರೇಜ್' (2022): ಸಬಾ ತಾಹಿರ್ ಅವರದು. ಕ್ಯಾಲಿಫೋರ್ನಿಯಾದ ಮರುಭೂಮಿಯ ಊರಿನಲ್ಲಿ ಮೋಟೆಲ್ ನಡೆಸುವ ಪಾಕಿಸ್ತಾನಿ ಕುಟುಂಬ. ನ್ಯಾಷನಲ್ ಬುಕ್ ಅವಾರ್ಡ್, ಆಮೇಲೆ ಪ್ರಿಂಟ್ಜ್ ಎರಡೂ ಬಂದವು. ಕುಡಿತ, ಹಿಂಸೆಯ ವಿಷಯ ಇರುವುದರಿಂದ ನೀವು ಮೊದಲು ಓದಿ, ಹದಿನಾಲ್ಕು ದಾಟಿದವರಿಗೆ ಕೊಡಿ.

5. ಕನ್ನಡದ ಕಪಾಟಿನಲ್ಲಿ ಏನಿದೆ?

ಉಳ್ಳದ್ದನ್ನು ಉಳ್ಳಂತೆ ಹೇಳಬೇಕೆಂದರೆ 14ರಿಂದ 18ರವರಿಗೆಂದೇ ಬರೆದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ಆದರೆ ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2011ರಲ್ಲಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಪುರಸ್ಕಾರ ಪಡೆದವು. ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಚಕ್ಕುಲಿ, ಕೋಡುಬಳೆ ನಡುವೆ ಇವಕ್ಕೂ ಜಾಗವಿರಲಿ.

ಶರಾವತಿ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಚಿತ್ರ ಮಾಡಿದ್ದಾರೆ. ಓದಲು ಬಾರದ ಮಕ್ಕಳೂ ನೋಡಿ ಚರ್ಚಿಸಬಹುದು.

ಇನ್ನು ನನ್ನ ಅಚ್ಚುಮೆಚ್ಚು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ವೈ.ಎ. ಎಂಬ ಹಣೆಪಟ್ಟಿ ಇಲ್ಲದಿದ್ದರೇನಂತೆ? ಪಶ್ಚಿಮ ಘಟ್ಟದ ಕಾಡು, ಹಾರುವ ಓತಿಯ ಹುಡುಕಾಟ, ಒಬ್ಬ ವಿಜ್ಞಾನಿ, ಹಳ್ಳಿಯ ಮಂದಣ್ಣ, ಕಿವಿ ಎಂಬ ನಾಯಿ. ನೀವು ಗಟ್ಟಿಯಾಗಿ ಓದಿ, ಮಕ್ಕಳು ಕೇಳಲಿ. ರಾತ್ರಿ ಹದಿನೈದು ನಿಮಿಷ ಸಾಕು.

6. ಮನೆಯಲ್ಲಿ ಮಾಡುವ ಪಾಠ

ಅ) ಮಗ ಅಥವಾ ಮಗಳು ಓದುವ ಪುಸ್ತಕವನ್ನು ತಿಂಗಳಿಗೊಂದರಂತೆ ನೀವೂ ಓದಿ. ಪರೀಕ್ಷೆ ಮಾಡಲಿಕ್ಕಲ್ಲ, ಜೊತೆಗಿರಲಿಕ್ಕೆ.

ಆ) ಓದು ಇಂಗ್ಲಿಷಿನಲ್ಲಿರಲಿ, ಮಾತು ಕನ್ನಡದಲ್ಲಿರಲಿ. ನಡುವೆ ಇಂಗ್ಲಿಷ್ ಪದ ಬಂದರೆ ತಡೆಯಬೇಡಿ. ಮಾತು ನಿಂತರೆ ಮತ್ತೆ ಶುರುವಾಗುವುದು ಕಷ್ಟ.

ಇ) ಮೂರೇ ಪ್ರಶ್ನೆ ಕೇಳಿ: ಯಾರ ನಿರ್ಧಾರ ನಿನಗೆ ಸರಿ ಕಾಣಲಿಲ್ಲ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಇದಕ್ಕೆ ಹೋಲುವ ನಮ್ಮ ಕಥೆ ಯಾವುದು?

ಈ) ಪ್ರತಿ ಪುಸ್ತಕಕ್ಕೆ ಐದು ಕನ್ನಡ ಪದ ಕಲಿಸಿ. ಹಂಗರ್ ಗೇಮ್ಸ್‌ಗೆ ನನ್ನ ಪಟ್ಟಿ: ದಂಗೆ, ಬಲಿ, ಸರದಿ, ತ್ಯಾಗ, ಸೋಗು. 'ಬೆಕ್ಕು, ನಾಯಿ' ಕಲಿತು ಬೇಸತ್ತ ಮಕ್ಕಳು ಇಂಥ ಪದಗಳನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ. ಯಾಕೆಂದರೆ ಅವರಿಗೆ ಹೇಳಲು ವಿಷಯವಿದೆ.

ಭಾಷೆ ಉಳಿಯುವುದು ಅಕ್ಷರಮಾಲೆಯಿಂದ ಮಾತ್ರವಲ್ಲ. ಹದಿನಾಲ್ಕರ ಮಗು ತನ್ನ ಸಿಟ್ಟು, ಅನುಮಾನ, ಆಸೆಗಳನ್ನು ಕನ್ನಡದಲ್ಲಿ ಹೇಳಿಕೊಂಡರೆ ಕೇಳುವ ಕಿವಿ ಮನೆಯಲ್ಲಿದೆ ಎಂದು ಗೊತ್ತಾಗಬೇಕು. ಇಲ್ಲದಿದ್ದರೆ ಕನ್ನಡ 'ಊಟ ಆಯ್ತಾ'ದಲ್ಲೇ ನಿಂತುಬಿಡುತ್ತದೆ.

ನಿಮ್ಮ ಮನೆಯ ಮಕ್ಕಳು ಈಗ ಓದುತ್ತಿರುವ ಪುಸ್ತಕ ಯಾವುದು, ಕಾಯುತ್ತಿರುವುದು ಯಾವುದು? ಅವರನ್ನೇ ಕೇಳಿ, ಎರಡು ಸಾಲು ಬರೆದು ಕಳಿಸಿ. ಕನ್ನಡದಲ್ಲಿ ಅವರೇ ಬರೆದರೆ ಇನ್ನೂ ಸಂತೋಷ, ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಗೆ ಅವೇ ಪಾಠವಾಗಲಿ. ಏನಂತೀರಿ?

ಸಿರಿಗನ್ನಡಂ ಗೆಲ್ಗೆ!