ದೂರದ ಬೆಟ್ಟದ ಲೆಕ್ಕ

ನೆಲದಡಿಯ ಸುರಂಗದ ಸುತ್ತ ಬಂಡೆ ಎಷ್ಟು ಸರಿಯುತ್ತದೆ, ಎಲ್ಲಿ ಸೋಲುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಮೇಲಿನ ಬಂಡೆಯ ಭಾರವೇ ಸುಮಾರು 80 ಮೆಗಾಪಾಸ್ಕಲ್. ಇದನ್ನು ಲೆಕ್ಕ ಹಾಕಲು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಸುತ್ತಲಿನ ಬಂಡೆಯನ್ನೆಲ್ಲ ಮೆಶ್ ಮಾಡಬೇಕು. ನಾನು ಬಳಸುವ ಬೌಂಡರಿ ಎಲಿಮೆಂಟ್ ವಿಧಾನದಲ್ಲಿ ಸುರಂಗದ ಒಳಮೈಯನ್ನಷ್ಟೇ ಮಾಡಿದರೆ ಸಾಕು. ಅದರಲ್ಲಿ ನಾನು ಕಲಿತ ಪಾಠಗಳಿವು.

1. ಆ ಅನುಕೂಲ ಬಿಟ್ಟಿಯಾಗಿ ಬರುವುದಿಲ್ಲ. ಪ್ರತಿ ಬಿಂದುವಿಗೂ ಉಳಿದೆಲ್ಲ ಬಿಂದುಗಳ ಹಂಗಿದೆ. 1 ಲಕ್ಷ ಅಜ್ಞಾತಗಳಿದ್ದರೆ ಮ್ಯಾಟ್ರಿಕ್ಸ್‌ನಲ್ಲಿ 1,000 ಕೋಟಿ ಸಂಖ್ಯೆಗಳು, 80 ಜಿಬಿ ಮೆಮೊರಿ.

2. ದೂರದ ಬೆಟ್ಟ ನುಣ್ಣಗೆ. ಗಾದೆಯಲ್ಲ, ಅಲ್ಗಾರಿದಮ್. ದೂರದ ಬಿಂದುಗಳ ಗುಂಪಿನ ಪ್ರಭಾವವನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿಯಬಹುದು. 1987ರಲ್ಲಿ ಗ್ರೀನ್‌ಗಾರ್ಡ್, ರೊಖ್ಲಿನ್ ತಂದ ಫಾಸ್ಟ್ ಮಲ್ಟಿಪೋಲ್‌ನ ಗುಟ್ಟು ಇದೇ. ನಾನು ಬಳಸುವುದು ಎಸಿಎ (ಅಡಾಪ್ಟಿವ್ ಕ್ರಾಸ್ ಅಪ್ರಾಕ್ಸಿಮೇಷನ್). ಅದು ಎರಡು ಗುಂಪುಗಳ ನಡುವಿನ ಮ್ಯಾಟ್ರಿಕ್ಸ್ ಬ್ಲಾಕ್‌ನ ಕೆಲವು ಅಡ್ಡಸಾಲು, ಕಂಬಸಾಲುಗಳನ್ನಷ್ಟೇ ನೋಡಿ ಉಳಿದದ್ದನ್ನು ಅಂದಾಜಿಸುತ್ತದೆ.

3. ಅಂದಾಜು ಯಾವ ಸಾಲಿನಿಂದ ಶುರುವಾಯಿತು ಎಂದು ನೋಡಿ. ಒಮ್ಮೆ ಚೌಕ ಸುರಂಗವೊಂದರ ಲೆಕ್ಕದಲ್ಲಿ ಎಡಗೋಡೆ, ಬಲಗೋಡೆ ಬೇರೆ ಬೇರೆ ಪ್ರಮಾಣದಲ್ಲಿ ಸರಿದವು. ಆಕಾರವೂ ಭಾರವೂ ಎರಡೂ ಕಡೆ ಒಂದೇ ತೆರ. ಒಂದು ವಾರ ಮೆಶ್ ಕೆದಕಿದೆ, ಅದು ನಿರಪರಾಧಿ. ಕೊನೆಗೆ ಒಂದೊಂದೇ ಬ್ಲಾಕ್ ಪ್ರಿಂಟ್ ಮಾಡಿದೆ. ತಪ್ಪಿದ್ದ ಬ್ಲಾಕ್‌ನ ಒಂದು ಗುಂಪಿನಲ್ಲಿ ಎಡಮೂಲೆಯ ನೆಲ, ಗೋಡೆ ಎರಡರ ಬಿಂದುಗಳೂ ಇದ್ದವು. ಇನ್ನೊಂದು ಗುಂಪು ನೆಲದ ಬಲತುದಿಯದು. ನೆಲಕ್ಕೂ ನೆಲಕ್ಕೂ ಒಂದೇ ಸಮತಲವಾದ್ದರಿಂದ ಒಂದು ಬಿಂದುವಿನ ಪ್ರಭಾವ ಇನ್ನೊಂದರ ಮೇಲೆ ಎಷ್ಟೆಂದು ಹೇಳುವ ಟ್ರ್ಯಾಕ್ಷನ್ ಕರ್ನಲ್‌ನ ಕೆಲವು ಘಟಕಗಳು ಅಲ್ಲಿ ಸೊನ್ನೆ. ಎಸಿಎ ಮೊದಲು ನೆಲದ ಸಾಲನ್ನೇ ಮುಟ್ಟಿತು, ಸೊನ್ನೆ ಕಂಡಿತು, ಬ್ಲಾಕ್ ಮುಗಿಯಿತೆಂದು ಅಂಗಡಿ ಮುಚ್ಚಿತು. ಗೋಡೆಯ ಸಾಲುಗಳನ್ನು ಕೇಳಿದವರೇ ಇಲ್ಲ! ಬಲಮೂಲೆಯ ಬ್ಲಾಕ್ ಮಾತ್ರ ಗೋಡೆಯ ಸಾಲಿನಿಂದ ಶುರುವಾಗಿ ಬಚಾವಾಗಿತ್ತು. ಈಗ ಮೇಲ್ಮೈಯ ದಿಕ್ಕು ಬದಲಾದಲ್ಲೆಲ್ಲ ಹೊಸದಾಗಿ ಒಂದು ಸಾಲನ್ನು ಪರೀಕ್ಷಿಸುತ್ತೇನೆ.

ಇದೇ ಕೋಡ್ ಕಿರ್ಷ್ ಪರೀಕ್ಷೆಯನ್ನು ಸಲೀಸಾಗಿ ಪಾಸು ಮಾಡಿತ್ತು. 1898ರ ಆ ಸೂತ್ರದ ಪ್ರಕಾರ ಒಂದೇ ದಿಕ್ಕಿನಲ್ಲಿ ಎಳೆದ ವಿಶಾಲ ಫಲಕದ ದುಂಡು ರಂಧ್ರದ ಅಂಚಿನಲ್ಲಿ ಗರಿಷ್ಠ ಸ್ಟ್ರೆಸ್ ಎಳೆದ ಸ್ಟ್ರೆಸ್‌ನ 3 ಪಟ್ಟು. ನನಗೂ 3 ಬಂದಿತ್ತು. ದುಂಡಗಿನದರಲ್ಲಿ ಚಪ್ಪಟೆ ಭಾಗವೇ ಇಲ್ಲವಲ್ಲ.

4. ಸೋತ ಬಂಡೆಯ ವರ್ತನೆ ಪ್ಲಾಸ್ಟಿಕ್ ಎಂದಾಕ್ಷಣ ಮ್ಯಾಟ್ರಿಕ್ಸನ್ನು ಮತ್ತೆ ಕಟ್ಟಲು ಹೋಗಬೇಡಿ. ಮರಳಿ ಬಾರದ ವಿರೂಪವನ್ನು ಬಲಬದಿಗೆ ಸೇರಿಸಿದರೆ ಎಡಬದಿ ಅದೇ ಸ್ಥಿತಿಸ್ಥಾಪಕ ಮ್ಯಾಟ್ರಿಕ್ಸ್; ಒಮ್ಮೆ ಕುಗ್ಗಿಸಿಟ್ಟರೆ ಭಾರದ ಎಲ್ಲ ಹಂತಗಳಿಗೂ ಆದೀತು.

5. ಎಸಿಎಯ ತಪ್ಪಿನ ಮಿತಿ (ಟಾಲರೆನ್ಸ್) ಪ್ಲಾಸ್ಟಿಕ್ ಲೆಕ್ಕದ ಪುನರಾವರ್ತನೆಯ ಮಿತಿಗಿಂತ ಸಡಿಲವಾಗಿದ್ದರೆ ಲೆಕ್ಕ ಒಮ್ಮುಖವಾದರೂ ಉತ್ತರದಲ್ಲಿ ಎಸಿಎಯ ತಪ್ಪು ಉಳಿದುಬಿಡುತ್ತದೆ.

6. ಬಂಡೆ ಸೋಲುವ ಜಾಗದಲ್ಲಿ ಮಾತ್ರ ಒಳಗೂ ಸೆಲ್‌ಗಳು ಬೇಕು. ಎಷ್ಟು ದೂರದವರೆಗೆ? ಮೊದಲೇ ತಿಳಿಯುವುದಿಲ್ಲ. ಜಿಪುಣತನ ಮಾಡಿ ಗೋಡೆಯ ಸುತ್ತ ಎರಡೇ ಸುತ್ತು ಹಾಕಿದ್ದೆ. ಚಿತ್ರದಲ್ಲಿ ಪ್ಲಾಸ್ಟಿಕ್ ವಲಯ ಎಷ್ಟು ಒಪ್ಪವಾಗಿ ನಿಂತಿತ್ತೆಂದರೆ ವರದಿಗೂ ಹಾಕಿಬಿಟ್ಟೆ. ಅದು ನಿಂತದ್ದು ಸೆಲ್‌ಗಳು ಮುಗಿದದ್ದಕ್ಕೆ.