ರಜೆ ಕೇಳಲು ಬಾಯಿ ಬರುತ್ತಿಲ್ಲ

ಪ್ರಶ್ನೆ: ನಾವು ಕುಂದಾಪುರ ಕಡೆಯವರು, ಚೆನ್ನೈಗೆ ಬಂದು ನಾಲ್ಕು ವರ್ಷವಾಯಿತು. ನಮ್ಮನೆಯವರು ಊರಿನವರದೇ ಹೋಟೆಲಿನಲ್ಲಿ ಅಡುಗೆಗಿದ್ದಾರೆ, ಸಂಬಳ 16,000. ನಾನು ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತೇನೆ. ಈಗ ಅವರಿಗೆ ಟೈಫಾಯ್ಡ್. ಕ್ಲಿನಿಕ್ಕಿನ ಡಾಕ್ಟರು ಮೂರು ವಾರ ರೆಸ್ಟ್ ಅಂದಿದ್ದಾರೆ. ರಜೆ ಹಾಕಿದರೆ ಸಂಬಳ ಕಟ್ ಎಂದು ಮಾತ್ರೆ ನುಂಗಿ ಬೆಳಗ್ಗೆ ಐದಕ್ಕೇ ಹೋಗುತ್ತಾರೆ. ಧಣಿಗಳು ನಮ್ಮ ಕಷ್ಟಕ್ಕೆ ಆದವರು. ಅವರೆದುರು ದುಡ್ಡಿನ ಮಾತೆತ್ತಲು ಇವರಿಗೆ ಬಾಯಿ ಬರುವುದಿಲ್ಲ.
– ಹೆಸರು ಬೇಡ, ವಡಪಳನಿ

ಉತ್ತರ: ನಾಳೆ ಬೆಳಗ್ಗೆ ಅವರನ್ನು ಹೋಟೆಲಿಗೆ ಕಳಿಸಬೇಡಿ ಅಮ್ಮ. ಟೈಫಾಯ್ಡ್ ಹರಡುವುದೇ ಅನ್ನ, ನೀರಿನ ಮೂಲಕ. ಜ್ವರ ಬಿಟ್ಟ ಮೇಲೂ ರೋಗಾಣು ಕೆಲವು ವಾರ ಮಲದಲ್ಲಿ ಹೋಗುತ್ತಿರಬಹುದು. ಆ ಕೈ ಚಟ್ನಿ ಪಾತ್ರೆಗೆ ಬಿದ್ದರೆ ತಿನ್ನಲು ಬಂದವರ ಗತಿ? ಧಣಿಗಳಿಗೆ ಕಾಯಿಲೆಯ ಹೆಸರು ಹೇಳಿದರೆ ಸಾಕು, ಅಡುಗೆಮನೆಯಿಂದ ಅವರೇ ಹೊರಡಿಸುತ್ತಾರೆ.

ಇನ್ನು ದುಡ್ಡು. ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು 120 ರೂಪಾಯಿ ಕಡಿತವಾಗಿದೆಯೇ ನೋಡಿ. ಅದು ಶೇ. 0.75. ಅದರ ಮೇಲೆ ಧಣಿಗಳು ಶೇ. 3.25, ಅಂದರೆ 520, ಕಟ್ಟಬೇಕು. 10 ಮಂದಿಯಾದರೂ ದುಡಿಯುವ ಹೋಟೆಲಿಗೆ, 21,000 ಮೀರದ ಸಂಬಳದವರಿಗೆ ಇದು ಕಡ್ಡಾಯ. ಹೀಗೆ ಕಟ್ಟಿದ್ದರೆ ಕಾಯಿಲೆ ರಜೆಯ ದುಡ್ಡು ಕೊಡುವುದು ಧಣಿಗಳಲ್ಲ, ಇಎಸ್‌ಐ ನಿಗಮ. ಅವರ ಉಪ್ಪು ತಿಂದವರು ಎಂಬ ಸಂಕೋಚಕ್ಕೆ ಇಲ್ಲಿ ಜಾಗವೇ ಇಲ್ಲ.

ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಮೊದಲ ಎರಡು ದಿನಕ್ಕೆ ಇಲ್ಲ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 370, ಮೂರು ವಾರಕ್ಕೆ 7,000ದ ಆಸುಪಾಸು. ಪೂರ್ತಿ ಸಂಬಳವಲ್ಲ, ನಿಜ. ಬಾಡಿಗೆಗಾದರೂ ಆದೀತು.

ಒಂದು ಕಡೆ ಮಾತ್ರ ಬಹಳ ಜನ ಎಡವುತ್ತಾರೆ: ಕ್ಲಿನಿಕ್ಕಿನ ಚೀಟಿ ನಂಬಿಕೊಂಡು ಕೂರುವುದು. ರಜೆಯ ಸರ್ಟಿಫಿಕೇಟು ಇಎಸ್‌ಐ ಡಾಕ್ಟರರಿಂದಲೇ ಬರಲಿ. ರಕ್ತಪರೀಕ್ಷೆಯ ರಿಪೋರ್ಟು, ಇಎಸ್‌ಐ ಕಾರ್ಡು, ಆಧಾರ್, ಪಾಸ್‌ಬುಕ್ ಹಿಡಿದು ಕಾರ್ಡಿನಲ್ಲಿರುವ ಡಿಸ್ಪೆನ್ಸರಿಗೆ ನಾಳೆಯೇ ಹೋಗಿ. ಜ್ವರ ಏರಿ ಒದ್ದಾಡುತ್ತಿದ್ದರೆ ನೇರವಾಗಿ ಕೆ.ಕೆ. ನಗರದ ಇಎಸ್‌ಐ ಆಸ್ಪತ್ರೆಗೆ, ನಿಮಗೆ ಅದು ಹತ್ತಿರವೇ.

ಕಾರ್ಡೇ ಇಲ್ಲವೆಂದರೆ ಹೋಟೆಲಿನ ಲೆಕ್ಕ ಬರೆಯುವವರಲ್ಲಿ ಇನ್ಶೂರೆನ್ಸ್ ನಂಬರ್ ಕೇಳಿ. ಹಣ ಮುರಿದು ಕಟ್ಟಿಲ್ಲ ಎಂಬ ಅನುಮಾನ ಬಂದರೆ ನುಂಗಂಬಾಕ್ಕಂ ಸ್ಟರ್ಲಿಂಗ್ ರೋಡಿನ ಇಎಸ್‌ಐ ಕಚೇರಿಗೆ ದೂರು ಕೊಡಬಹುದು. ಧಣಿಗಳು ನೀವು ಹೇಳಿದಷ್ಟು ಒಳ್ಳೆಯವರಾದರೆ ಅಲ್ಲಿಯವರೆಗೆ ಹೋಗಬೇಕಾಗದು.

ನಿಮ್ಮನೆಯವರ ಕಾರ್ಡಿನಲ್ಲಿ ನಿಮಗೂ ಮಕ್ಕಳಿಗೂ ಚಿಕಿತ್ಸೆ ಉಂಟು, ಹೆಸರು ಸೇರಿಸಿಕೊಳ್ಳಿ. ಮನೆಕೆಲಸದ ನಿಮ್ಮ ಸಂಬಳಕ್ಕೆ ಮಾತ್ರ ಇಎಸ್‌ಐ ಇಲ್ಲ. ಅವರ ಆರೈಕೆಗೆ ಎಷ್ಟು ದಿನ ಬೇಕೋ ಆ ಎರಡು ಮನೆಯವರಿಗೆ ಈಗಲೇ ಹೇಳಿ, ಅಷ್ಟು ದಿನದ ಕೂಲಿ ಹಿಡಿಯಬೇಡಿ ಎಂದು ಬಾಯಿಬಿಟ್ಟು ಕೇಳಿ.